ಕೊರ್ನೇಲಿಯಸ್ ಲಾಂಚೋಸ್

ಪ್ರಕೃತಿಯ ರಹಸ್ಯಗಳನ್ನರಿಯಲು ಹೊರಟ ವಿದ್ವಾಂಸರಲ್ಲಿ ಕೆಲವರಿಗೆ ಕೀರ್ತಿಯು ಬೇಗನೆ ಒದಗುವುದು. ಕೆಲವರ ಕಾರ್ಯವಾದರೋ ಬಹುಕಾಲ ಮೂಲೆಯಲ್ಲಿ ಬಿದ್ದಿದ್ದು, ಕಾಲ ಕೂಡಿಬಂದಾಗ ಎಲ್ಲರಿಗೂ ಉಪಯುಕ್ತವಾಗುವುದು. ಕೊರ್ನೇಲಿಯಸ್ ಲಾಂಚೋಸನು ಈ ಎರಡನೆಯ ಪಂಗಡಕ್ಕೆ ಸೇರಿದವನು.

ಇವನು 1893ನೆಯ ಇಸವಿ ಫೆಬ್ರವರಿ 2ರಂದು ಹಂಗೆರಿ ದೇಶದ ಸೇಕೆಶ್‌ಫೆಹೆರ್ವಾರ್ ಪಟ್ಟಣದ ಯೆಹೂದ್ಯ ಕುಟುಂಬವೊಂದರಲ್ಲಿ ಜನಿಸಿದನು. ಬುಡಾಪೆಸ್ಟಿನಲ್ಲಿ ವ್ಯಾಸಂಗಮಾಡಿ 1921ರಲ್ಲಿ ಡಾಕ್ಟರ್ ಪದವಿಯನ್ನು ಪಡೆದು, ಜರ್ಮನಿಗೆ ತೆರಳಿದನು. 1925ರ ಡಿಸೆಂಬರಿನಲ್ಲಿ ನೂತನ ಕ್ವಾಂಟಂ ಶಾಸ್ತ್ರವನ್ನು ಕುರಿತು ಉತ್ತಮ ಲೇಖನವೊಂದನ್ನು ಬರೆದನು. ಆದರೆ ಕೆಲವೇ ವಾರಗಳ ತರುವಾಯ ಶ್ರೋಡಿಂಗರನ ಸಮೀಕರಣವು ಹೊರಬಂದುದರಿಂದ ಅದನ್ನು ಗಮನಿಸಿದವರು ವಿರಳ. 1928-29ರಲ್ಲಿ ಬರ್ಲಿನ್ನಿನಲ್ಲಿ ಐನ್‌ಸ್ಟೈನನಿಗೆ ಸಹಾಯಕನಾಗಿದ್ದನು. 1931ರಲ್ಲಿ ಅಮೇರಿಕದ ಪರ್ಡ್ಯೂ ವಿಶ್ವವಿದ್ಯಾನಿಲಯವನ್ನು ಸೇರಿದಾಗ, ಕ್ಷಯಪೀಡಿತಳಾದ ಪತ್ನಿಯು ಅವನೊಡನೆ ಹೋಗಲಾಗಲಿಲ್ಲ. ಮುಂದೆ ನಾಜಿಗಳ ಕ್ರೌರ್ಯಕ್ಕೆ ಅವನ ಬಂಧುಗಳಲ್ಲಿ ಅನೇಕರು ಬಲಿಯಾದರು. ಇಷ್ಟು ದುಃಖದ ನಡುವೆಯೂ ಅವನು ಲೇಖನಿಯನ್ನು ಕೆಳಗಿಡಲಿಲ್ಲ.

1949ರಲ್ಲಿ ಲಾಸ್ ಏಂಜಲೀಸಿನ ಗಣನ ಸಂಸ್ಥೆಯನ್ನು ಸೇರಿ, ಮರುವರ್ಷ ತನ್ನ ಹೆಸರಿನಿಂದಲೇ ಪ್ರಸಿದ್ಧವಾದ ಗಣನಕ್ರಮವನ್ನು ಪ್ರಕಟಿಸಿದನು. ಅದರ ಪ್ರಯೋಜನವನ್ನು ಹೀಗೆ ತಿಳಿಯಬಹುದು. ಘಂಟೆಯನ್ನು ಬಾರಿಸಿದರೆ ಅದರಿಂದ ಯಾವ ಯಾವ ಸ್ವರಗಳು ಎಷ್ಟೆಷ್ಟು ಬಲವಾಗಿ ಹೊರಡುವುವೋ, ಹಾಗೆಯೇ ವಸ್ತುವೊಂದರೊಳಗಣ ಎಲೆಕ್ಟ್ರಾನುಗಳ ಸಮೂಹವನ್ನು ಕದಲಿಸಿದರೆ ಅದು ಯಾವ ಯಾವ ಶಕ್ತಿಗಳಲ್ಲಿ ಎಷ್ಟೆಷ್ಟು ಓಗೊಡುವುದೆಂದು ತಿಳಿಯಬೇಕು. ಒಂದು ಪರಮಾಣುಸ್ಥಾನಕ್ಕೆ ನಾಲ್ಕು ಸ್ಥಿತಿಗಳೆಂದಿಟ್ಟುಕೊಂಡರೆ, ಹತ್ತೇ ಸ್ಥಾನಗಳಿಗೆ 10,48,576 ಸ್ಥಿತಿಗಳಾಗುವುವು. ಲೆಕ್ಕದ ಕೋಷ್ಟಕದಲ್ಲಿ ಅಷ್ಟೇ ಸಾಲುಗಳೂ ಅಷ್ಟೇ ಕಂಬಗಳೂ ಬೇಕು. ಲಾಂಚೋಸನ ಕ್ರಮದಲ್ಲಿ ಇಡೀ ಕೋಷ್ಟಕವನ್ನು ಒಮ್ಮೆಗೇ ಬಿಡಿಸಬೇಕಾಗಿಲ್ಲ. ಒಂದು ಸ್ಥಿತಿಯಿಂದ ಹೊರಟು, ಪ್ರತಿಹೆಜ್ಜೆಯಲ್ಲಿಯೂ ಹೊಸದಾಗಿ ದೊರೆತ ಅಂಶವನ್ನು ಮಾತ್ರ ಉಳಿಸಿಕೊಂಡು, ಹಿಂದಿನ ಎರಡೇ ಮೆಟ್ಟಿಲುಗಳ ನೆರವಿನಿಂದ ಮುಂದಿನ ಮೆಟ್ಟಿಲನ್ನು ಕಟ್ಟಬಹುದು. ಹೀಗೆ ನೂರಾರು ಹೆಜ್ಜೆಗಳಲ್ಲಿಯೇ ಮುಖ್ಯವಾದ ಉತ್ತರವು ಕೈಗೂಡುವುದು.

ಆದರೆ ಗಣಕಯಂತ್ರವು ದಶಾಂಶದ ಕೆಲವೇ ಅಂಕಗಳನ್ನು ಇರಿಸಿಕೊಳ್ಳುವುದರಿಂದ ಸಣ್ಣ ತಪ್ಪುಗಳು ಬೆಳೆದು, ಒಮ್ಮೆ ಬಂದ ಉತ್ತರವೇ ಮತ್ತೆ ಮತ್ತೆ ಬರತೊಡಗಿತು. ಇದನ್ನು ಕಂಡು ಗಣಿತಜ್ಞರು ಸುಮಾರು ಇಪ್ಪತ್ತು ವರ್ಷ ಈ ಕ್ರಮವನ್ನು ಬದಿಗಿಟ್ಟರು. 1971ರಲ್ಲಿ ಕ್ರಿಸ್ ಪೇಜ್ ಎಂಬ ವಿದ್ವಾಂಸನು ಲಂಡನ್ ವಿಶ್ವವಿದ್ಯಾನಿಲಯಕ್ಕೆ ಸಲ್ಲಿಸಿದ ಪ್ರಬಂಧದಲ್ಲಿ, ಸರಿಯಾದ ಉತ್ತರವು ಸಿದ್ಧಿಸಿದಾಗಲೇ ಆ ದೋಷವು ತಲೆದೋರುವುದೆಂದು ತೋರಿಸಿದನು. ದೋಷವೆಂದು ತಿಳಿದಿದ್ದುದು ಸಿದ್ಧಿಯ ಗುರುತಾಗಿತ್ತು! 1972ರಲ್ಲಿ ಕೇಂಬ್ರಿಜ್ಜಿನ ಹೇಡಾಕ್, ಹೈನೆ, ಕೆಲಿ ಎಂಬವರು ಇದೇ ಮಾರ್ಗದಿಂದ ಘನವಸ್ತುಗಳ ಎಲೆಕ್ಟ್ರಾನುಗಳನ್ನು ಪರಿಶೀಲಿಸಿದರು. 1987ರಲ್ಲಿ ಗಾಲ್ಯಾನೋ, ಬಾಲ್ಸೆಯ್ರೋ ಎಂಬವರು ಪರಸ್ಪರ ಪ್ರಭಾವಬೀರುವ ಅನೇಕ ಕಣಗಳ ಸಮೂಹಕ್ಕೂ ಇದನ್ನು ಅನ್ವಯಿಸಿದರು. ಇಂದಿಗೂ ಸಂಶೋಧಕರು ಇದನ್ನು ಬಳಸುತ್ತಿರುವರು.

ಲಾಂಚೋಸನು 1954ರಿಂದ ಡಬ್ಲಿನ್ನಿನಲ್ಲಿ ಕೆಲಸಮಾಡಿ, 1974ನೆಯ ಜೂನ್ 25ರಂದು ಬುಡಾಪೆಸ್ಟಿಗೆ ಬಂದಿದ್ದಾಗ ತೀರಿಕೊಂಡನು. ತಾನು ಬಿಟ್ಟ ತಾಯ್ನಾಡೇ ಅವನಿಗೆ ಕೊನೆಯ ಆಶ್ರಯವಾಯಿತು.

ಲೆಕ್ಕ ತಪ್ಪಿತೆಂದು ಹಲಗೆಯನ್ನು ಒರಸುವ ಮಗಳನ್ನು ಕಂಡಾಗ, ತಾಯ್ತಂದೆಗಳು ಈ ಚರಿತ್ರೆಯನ್ನು ನೆನೆಯಲಿ. ಒರಸುವ ಮುನ್ನ ತಪ್ಪು ಎಲ್ಲಿ, ಏಕೆ ಬಂದಿತೆಂದು ಅವಳೊಡನೆ ಕುಳಿತು ನೋಡುವುದು ಲೇಸು.