ಸೈಕಲ್ ಚೈನಿಗೆ ಆಯುಸ್ಸು ತುಂಬಿದ ಹ್ಯಾನ್ಸ್ ರೆನಾಲ್ಡ್

ನಾಗಮಂಗಲ ತಾಲ್ಲೂಕಿನ ಹೊಣಕೆರೆಯ ರಸ್ತೆಯಲ್ಲಾಗಲಿ, ಬೆಂಗಳೂರಿನ ಬಡಾವಣೆಯಲ್ಲಾಗಲಿ ಸೈಕಲ್ ಚೈನ್ ಕಳಚಿಕೊಂಡರೆ ಎಲ್ಲರ ಕಣ್ಣೂ ಹೋಗುವುದು ಕಿರುಬೆರಳ ಉಗುರಿನಷ್ಟಿರುವ ಒಂದು ಪಿನ್ನಿನ ಕಡೆಗೆ. ಆ ಪುಟ್ಟ ಪಿನ್ನಿನ ಸವೆತವನ್ನು ತಗ್ಗಿಸಿ, ಚೈನನ್ನು ನಂಬಿಕೆಗೆ ಯೋಗ್ಯವಾದ ಯಂತ್ರಭಾಗವನ್ನಾಗಿ ಮಾಡಿದವರು ಹ್ಯಾನ್ಸ್ ರೆನಾಲ್ಡ್. ಜಗತ್ತಿನ ಕೋಟ್ಯಂತರ ಸೈಕಲ್‌ಗಳು ಇಂದಿಗೂ ಅವರ ಋಣದಲ್ಲಿವೆ.

ರೆನಾಲ್ಡ್ ಜನಿಸಿದ್ದು 1852ರ ಜುಲೈ 31ರಂದು, ಸ್ವಿಟ್ಜರ್ಲೆಂಡ್‌ನ ಆರಾವ್ ಪಟ್ಟಣದಲ್ಲಿ. ಜ್ಯೂರಿಕ್‌ನಲ್ಲಿ ತಾಂತ್ರಿಕ ಶಿಕ್ಷಣ ಪಡೆದ ಅವರು 1873ರಲ್ಲಿ ಇಂಗ್ಲೆಂಡ್‌ನ ಮ್ಯಾಂಚೆಸ್ಟರ್‌ಗೆ ಬಂದರು. ಅಂದು ಆ ನಗರ ಹತ್ತಿ ಗಿರಣಿಗಳ ರಾಜಧಾನಿ. 1879ರಲ್ಲಿ ಅವರು ಪಕ್ಕದ ಸಾಲ್ಫರ್ಡ್‌ನಲ್ಲಿ ಜೇಮ್ಸ್ ಸ್ಲೇಟರ್ ಎಂಬುವರ ಪುಟ್ಟ ಚೈನ್ ತಯಾರಿಕಾ ಉದ್ಯಮವನ್ನು ಕೊಂಡರು. ಗಿರಣಿ ಯಂತ್ರಗಳಿಗೆ ಚೈನ್ ಪೂರೈಸುವುದೇ ಅದರ ಕಸುಬಾಗಿತ್ತು.

ಆ ಕಾಲದ ಚೈನ್‌ಗಳಿಗೆ ಒಂದು ದೊಡ್ಡ ದೋಷವಿತ್ತು. ಪಿನ್ನು ತೆಳುವಾದ ಉಕ್ಕಿನ ಪಟ್ಟಿಯ ರಂಧ್ರದಲ್ಲಿ ನೇರವಾಗಿ ತಿರುಗುತ್ತಿತ್ತು. ಇಡೀ ಭಾರವನ್ನು ಪಟ್ಟಿಯ ಕಿರಿದಾದ ಅಂಚು ಹೊರಬೇಕಿದ್ದುದರಿಂದ ರಂಧ್ರ ಬೇಗ ಸವೆದು, ಚೈನು ಜೋಲು ಬೀಳುತ್ತಿತ್ತು. 1880ರಲ್ಲಿ ರೆನಾಲ್ಡ್ ಇದಕ್ಕೆ ಪರಿಹಾರ ಕಂಡುಕೊಂಡು ಪೇಟೆಂಟ್ ಪಡೆದರು. ಎರಡು ಒಳಪಟ್ಟಿಗಳ ನಡುವೆ ಕೊಳವೆಯಾಕಾರದ ಬುಷ್ ಕೂರಿಸಿ, ಅದರೊಳಗೆ ಪಿನ್ನು, ಅದರ ಹೊರಗೆ ಸುತ್ತುವ ರೋಲರ್ ಜೋಡಿಸಿದರು. ಪಿನ್ನಿನ ಮೇಲಿನ ಭಾರ ಬುಷ್‌ನ ಉದ್ದಕ್ಕೂ ಹಂಚಿಹೋಯಿತು. ಹಲ್ಲುಚಕ್ರದ ಮೇಲೆ ರೋಲರ್ ಉರುಳತೊಡಗಿ ತಿಕ್ಕಾಟ ಇಳಿಯಿತು. ಇದೇ ಬುಷ್ ರೋಲರ್ ಚೈನ್.

ಐದು ವರ್ಷಗಳ ನಂತರ, 1885ರಲ್ಲಿ, ಜಾನ್ ಕೆಂಪ್ ಸ್ಟಾರ್ಲಿ ಅವರ ರೋವರ್ ಸೈಕಲ್ ಕಾಣಿಸಿಕೊಂಡಿತು. ಪೆಡಲಿನ ಬಲವನ್ನು ಚೈನಿನ ಮೂಲಕ ಹಿಂದಿನ ಚಕ್ರಕ್ಕೆ ಸಾಗಿಸುವ ಅದರ ವಿನ್ಯಾಸವೇ ಇಂದಿನ ಸೈಕಲ್‌ಗೆ ಮಾದರಿ. ಅದೇ ವರ್ಷ ರೆನಾಲ್ಡ್ ಸದ್ದು ಕಡಿಮೆ ಮಾಡುವ ಹಲ್ಲುಚೈನನ್ನೂ ರೂಪಿಸಿದರು. ಕಾಲಕ್ರಮೇಣ ಸೈಕಲ್‌ಗೆ ರೋಲರ್ ಚೈನೇ ಸ್ಥಿರವಾಯಿತು.

ಕಾರ್ಮಿಕರ ವಿಷಯದಲ್ಲೂ ರೆನಾಲ್ಡ್ ತಮ್ಮ ಕಾಲಕ್ಕಿಂತ ಮುಂದಿದ್ದರು. 1895ರಲ್ಲಿ ಕಾರ್ಖಾನೆಯಲ್ಲಿ ಕ್ಯಾಂಟೀನ್ ತೆರೆದರು. 1896ರಲ್ಲಿ ವಾರಕ್ಕೆ 48 ಗಂಟೆಗಳ ದುಡಿಮೆಯನ್ನು ಜಾರಿಗೆ ತಂದರು. ಬ್ರಿಟನ್ನಿನ ಎಂಜಿನಿಯರಿಂಗ್ ಕಾರ್ಖಾನೆಗಳಲ್ಲಿ ಇಂಥ ಹೆಜ್ಜೆಯಿಟ್ಟ ಮೊದಲಿಗರ ಸಾಲಿನಲ್ಲಿ ಅವರಿದ್ದರು.

ರೆನಾಲ್ಡ್ ಕೊಟ್ಟ ಈ ರಚನೆಯನ್ನು ಅರಿತರೆ, ಮನೆಯಲ್ಲೇ ಸೈಕಲ್ ದುರಸ್ತಿ ಮಾಡಿಕೊಳ್ಳುವವರು ಚೈನ್ ಕಟ್ಟರ್ ಆರಿಸುವುದು ಸುಲಭ. ಮೊಳೆ, ಸುತ್ತಿಗೆಯಿಂದ ಪಿನ್ನು ಹೊಡೆದು ತೆಗೆಯುವ ರೂಢಿ ಹಳೆಯದು. ಏಟು ಓರೆಯಾದರೆ ಪಟ್ಟಿಯ ರಂಧ್ರ ಹಿಗ್ಗುತ್ತದೆ; ಪಿನ್ನಿನ ಹಿಡಿತ ಸಡಿಲವಾಗಿ, ಏರು ಹತ್ತುವಾಗ ಚೈನು ಬಿಚ್ಚಿಕೊಂಡು ಸವಾರ ಬೀಳಬಹುದು. ತಿರುಪನ್ನು ತಿರುಗಿಸಿ ಪಿನ್ನನ್ನು ನೇರವಾಗಿ ತಳ್ಳುವ ಕಟ್ಟರ್ ಈ ಅಪಾಯವನ್ನು ತಪ್ಪಿಸುತ್ತದೆ.

ಕೊಳ್ಳುವಾಗ ಗಮನಿಸಬೇಕಾದುದು ಮೂರು. ತಳ್ಳುವ ಮೊನೆ ಪಿನ್ನಿನ ನಡುಮಧ್ಯಕ್ಕೆ ಸರಿಯಾಗಿ ಬರಬೇಕು. ಚೈನಿನ ಹಿಂಬದಿಗೆ ಗಟ್ಟಿ ಆಸರೆ ಇರಬೇಕು. ಮೊನೆ ಮುರಿದರೆ ಬದಲಿಸುವಂತಿರಬೇಕು. ಪಿನ್ನಿನಿಂದ ಪಿನ್ನಿಗೆ ಅಂತರ ಸಾಮಾನ್ಯವಾಗಿ ಎಲ್ಲ ಸೈಕಲ್ ಚೈನ್‌ಗಳಲ್ಲೂ ಅರ್ಧ ಅಂಗುಲ, ಅಂದರೆ 12.7 ಮಿ.ಮೀ. ಆದರೆ ಅಗಲ ಬೇರೆ ಬೇರೆ. ಗೇರಿಲ್ಲದ ಸೈಕಲ್‌ನ ಚೈನು ಅಗಲ. ಗೇರು ಹೆಚ್ಚಿದಂತೆ ಚೈನು ಕಿರಿದು. ಆದ್ದರಿಂದ ಕಟ್ಟರ್ ಯಾವ ಚೈನಿಗೆ ಹೊಂದುತ್ತದೆ ಎಂಬುದನ್ನು ಮೊದಲೇ ನೋಡಿಕೊಳ್ಳಬೇಕು. ಹೊಸ ಕಿರಿದಾದ ಚೈನ್‌ಗಳಲ್ಲಿ ಪ್ರತ್ಯೇಕ ಬುಷ್ ಇರುವುದಿಲ್ಲ, ಒಳಪಟ್ಟಿಯ ಅಂಚನ್ನೇ ಬಾಗಿಸಿ ಅದರ ಕೆಲಸ ಮಾಡಿಸಿರುತ್ತಾರೆ. ಇವುಗಳಲ್ಲಿ ತೆಗೆದ ಪಿನ್ನನ್ನೇ ಮತ್ತೆ ತೂರಿಸಬಾರದು. ಚೈನ್ ತಯಾರಕರು ಕೊಡುವ ಹೊಸ ಪಿನ್ನು ಅಥವಾ ಜೋಡಣೆಯ ಕೊಂಡಿ ಬಳಸಬೇಕು. ಗೇರಿಲ್ಲದ ಸೈಕಲ್‌ನಲ್ಲಿ ಚೈನ್ ಲಾಕ್ ಇದ್ದರೆ ಬಿಚ್ಚಲು ಕಟ್ಟರೇ ಬೇಡ. ಉದ್ದ ಕಡಿಮೆ ಮಾಡಲಷ್ಟೇ ಅದು ಬೇಕು.

ಚೈನಿನ ಆಯಸ್ಸು ತಿಳಿಯಲು ಒಂದು ಅಳತೆಪಟ್ಟಿ ಸಾಕು. ಹೊಸ ಚೈನಿನಲ್ಲಿ 24 ಅರ್ಧ ಅಂಗುಲಗಳು ಸರಿಯಾಗಿ 12 ಅಂಗುಲವಾಗುತ್ತವೆ. ಅದೇ ಉದ್ದ 12 ಅಂಗುಲಕ್ಕಿಂತ ಅಂಗುಲದ ಹದಿನಾರನೇ ಒಂದು ಭಾಗದಷ್ಟು ಹೆಚ್ಚಿದ್ದರೆ ಬದಲಿಸುವ ಸಮಯ ಬಂದಿದೆ ಎಂದರ್ಥ. ಎಂಟನೇ ಒಂದು ಭಾಗ ದಾಟುವವರೆಗೆ ತಡಮಾಡಿದರೆ ಹಲ್ಲುಚಕ್ರವೂ ಸವೆದು ಖರ್ಚು ಹೆಚ್ಚುತ್ತದೆ.

ಕರ್ನಾಟಕದಲ್ಲಿ 2006-07ರಲ್ಲಿ ಎಂಟನೇ ತರಗತಿಯ ಮಕ್ಕಳಿಗೆ ಸರ್ಕಾರ ಸೈಕಲ್ ಕೊಡಲು ಆರಂಭಿಸಿದಾಗ, ದೂರದ ಹಳ್ಳಿಗಳ ಅನೇಕ ಹುಡುಗಿಯರಿಗೆ ಶಾಲೆಯ ದಾರಿ ಹತ್ತಿರವಾಯಿತು. ಆ ದಾರಿಯನ್ನು ಸವೆಸಿದ್ದೂ ಇದೇ ಚೈನು.

ರೆನಾಲ್ಡ್ ಅವರ ಸಂಸ್ಥೆ 1930ರಲ್ಲಿ ಕವೆಂಟ್ರಿ ಚೈನ್ ಕಂಪನಿಯೊಂದಿಗೆ ವಿಲೀನಗೊಂಡಿತು. 1943ರ ಮೇ 2ರಂದು, 90ನೇ ವಯಸ್ಸಿನಲ್ಲಿ ಅವರು ನಿಧನರಾದರು. ಪಿನ್ನಿಗೆ ಅವರು ತೊಡಿಸಿದ ಆ ಬುಷ್, ಗೇರಿಲ್ಲದ ಸೈಕಲ್‌ಗಳ ಚೈನಿನಲ್ಲಿ ಇಂದಿಗೂ ಇದೆ.