ಯಂತ್ರಗಳಿಗೆ ದುಭಾಷಿಯನ್ನಿತ್ತ ಗ್ರೇಸ್ ಹಾಪರ್

ಹಳಿಯಾಳದ ಸಂತೆಯಲ್ಲಿ ಅರ್ಧ ಗಂಟೆ ನಿಂತರೆ ಸಾಕು, ಕನ್ನಡ, ಕೊಂಕಣಿ, ಮರಾಠಿ, ಉರ್ದು ನಾಲ್ಕೂ ಕಿವಿಗೆ ಬೀಳುತ್ತವೆ. ಮುಂಡಗೋಡಿನಲ್ಲಿ ಟಿಬೆಟನ್ ಭಾಷೆಯೂ ಸೇರುತ್ತದೆ. ಇಂತಹ ಸೀಮೆಯವರಿಗೆ ದುಭಾಷಿಯ ಬೆಲೆಯನ್ನು ವಿವರಿಸಬೇಕಾಗಿಲ್ಲ. ಗಣಕಯಂತ್ರಗಳ ಲೋಕದಲ್ಲಿಯೂ ಒಮ್ಮೆ ಇದೇ ತೊಡಕು ತಲೆದೋರಿತ್ತು. ಅದನ್ನು ಬಿಡಿಸಲು ಶ್ರಮಿಸಿದ ಗ್ರೇಸ್ ಹಾಪರ್ ಎಂಬ ವಿದುಷಿಯ ಜೀವನವನ್ನು, ಕಲಾ ವಿಭಾಗದ ವಿದ್ಯಾರ್ಥಿನಿಯಾದ ನಾನು ತಿಳಿದಮಟ್ಟಿಗೆ ವಾಚಕರ ಮುಂದಿಡುತ್ತೇನೆ.

ಇವರು 1906ನೆಯ ಡಿಸೆಂಬರ್ 9ರಂದು ನ್ಯೂಯಾರ್ಕ್ ನಗರದಲ್ಲಿ ಜನಿಸಿದರು. ಬಾಲ್ಯದಲ್ಲಿ ಮನೆಯ ಅಲಾರಂ ಗಡಿಯಾರಗಳನ್ನು ಒಂದಾದಮೇಲೊಂದು ಬಿಚ್ಚಿ ಒಳಗುಟ್ಟನ್ನು ಹುಡುಕಿದರಂತೆ. 1934ರಲ್ಲಿ ಯೇಲ್ ವಿಶ್ವವಿದ್ಯಾಲಯದಿಂದ ಗಣಿತದಲ್ಲಿ ಡಾಕ್ಟರೇಟ್ ಪಡೆದರು. ವಾಸರ್ ಕಾಲೇಜಿನಲ್ಲಿ ಅಧ್ಯಾಪಿಕೆಯಾಗಿದ್ದರು. ಎರಡನೆಯ ಮಹಾಯುದ್ಧದ ಕಾಲದಲ್ಲಿ ದೇಹದ ತೂಕ ಸಾಲದಿದ್ದರೂ ವಿಶೇಷ ಅನುಮತಿ ಪಡೆದು ನೌಕಾದಳವನ್ನು ಸೇರಿದರು. 1944ರಲ್ಲಿ ಹಾರ್ವರ್ಡಿನ ಮಾರ್ಕ್ 1 ಎಂಬ ದೈತ್ಯ ಗಣಕದ ಕೆಲಸ ಅವರ ಪಾಲಿಗೆ ಬಂದಿತು.

ಆಗಿನ ಕಷ್ಟವೇನೆಂದರೆ, ಪ್ರತಿಯೊಂದು ಯಂತ್ರಕ್ಕೂ ಅದರದೇ ಸಂಕೇತಗಳಲ್ಲಿ ಆಜ್ಞೆ ಕೊಡಬೇಕಾಗಿತ್ತು. ದಾಂಡೇಲಿಯ ಕಾಗದದ ಕಾರ್ಖಾನೆಯ ಬಿಡಿಭಾಗ ಅಕ್ಕಿಯ ಗಿರಣಿಗೆ ಹೇಗೆ ಹೊಂದದೋ, ಹಾಗೆಯೇ ಒಂದು ಗಣಕಕ್ಕೆ ಬರೆದ ಕ್ರಮವಿಧಿ ಇನ್ನೊಂದಕ್ಕೆ ಹೊಂದುತ್ತಿರಲಿಲ್ಲ. ಯಂತ್ರ ಬದಲಾದರೆ ವರ್ಷಗಳ ದುಡಿಮೆ ವ್ಯರ್ಥವಾಗುತ್ತಿತ್ತು.

1949ರಲ್ಲಿ ಹಾಪರ್ ಅವರು ಯೂನಿವ್ಯಾಕ್ ಗಣಕವನ್ನು ನಿರ್ಮಿಸುತ್ತಿದ್ದ ಕಂಪನಿಯನ್ನು ಸೇರಿದರು. 1952ರಲ್ಲಿ ಎ-0 ಎಂಬ ಕಂಪೈಲರನ್ನು ರಚಿಸಿದರು. ಟೇಪಿನಲ್ಲಿ ಕೂಡಿಟ್ಟ ಆಜ್ಞೆಗಳ ತುಣುಕುಗಳನ್ನು ಆಯ್ದು ಜೋಡಿಸುವ ಕೆಲಸವನ್ನು ಅದು ಯಂತ್ರಕ್ಕೇ ಒಪ್ಪಿಸಿತು. ಗಣಕ ಲೆಕ್ಕವನ್ನಲ್ಲದೆ ಬೇರೇನೂ ಮಾಡಲಾರದೆಂದು ನಂಬಿದ್ದವರು ಇದನ್ನು ಸುಲಭವಾಗಿ ಒಪ್ಪಲಿಲ್ಲ. ಮುಂದೆ ಅವರು ಇಂಗ್ಲಿಷ್ ಪದಗಳಲ್ಲಿಯೇ ಆಜ್ಞೆ ಕೊಡುವ ಬಗೆಯನ್ನು ಕಂಡುಕೊಂಡರು. ಅಷ್ಟಕ್ಕೇ ನಿಲ್ಲದೆ ಫ್ರೆಂಚ್ ಮತ್ತು ಜರ್ಮನ್ ಪದಗಳಲ್ಲಿಯೂ ಆಜ್ಞೆ ಕೊಟ್ಟು ತೋರಿಸಿದಾಗ ಮೇಲಧಿಕಾರಿಗಳು ದಂಗಾದರು. ಯಂತ್ರಕ್ಕೆ ಎಲ್ಲ ಅಕ್ಷರಗಳೂ ಬರಿಯ ಗುರುತುಗಳೇ ಎಂಬ ಸರಳ ಸತ್ಯ ಅವರಿಗೆ ಹೊಳೆದಿರಲಿಲ್ಲ.

ಹಾಪರ್ ಅವರ ಫ್ಲೋ-ಮ್ಯಾಟಿಕ್ ಭಾಷೆಯನ್ನು ಬಹುಮಟ್ಟಿಗೆ ಅನುಸರಿಸಿ 1959ರಲ್ಲಿ ಒಂದು ಸಮಿತಿಯು ಕೋಬಾಲ್ ಭಾಷೆಯ ರಚನೆಗೆ ತೊಡಗಿತು. 1960ರ ಡಿಸೆಂಬರಿನಲ್ಲಿ, ಕೋಬಾಲಿನಲ್ಲಿ ಬರೆದ ಒಂದೇ ಕ್ರಮವಿಧಿಯು ಅತ್ಯಲ್ಪ ಬದಲಾವಣೆಯೊಡನೆ ಆರ್‌ಸಿಎ ಮತ್ತು ಯೂನಿವ್ಯಾಕ್ ಎಂಬ ಎರಡು ಭಿನ್ನ ಗಣಕಗಳಲ್ಲಿ ನಡೆಯಿತು. ಕಂಪೈಲರಿನ ಒಂದು ಭಾಗ ಭಾಷೆಯನ್ನು ಬಲ್ಲದು, ಇನ್ನೊಂದು ಭಾಗ ಯಂತ್ರವನ್ನು ಬಲ್ಲದು ಎಂದು ಸ್ಥೂಲವಾಗಿ ಹೇಳಬಹುದು. ಅಪರೂಪದ ಹೊಸ ಯಂತ್ರ ಬಂದಾಗ ಮೊದಲನೆಯದನ್ನು ಉಳಿಸಿಕೊಂಡು ಎರಡನೆಯದನ್ನು ಹೊಸದಾಗಿ ಬರೆಯುತ್ತಾರೆ. ಮದರಾಸಿನ ಐಐಟಿಯಲ್ಲಿ ರೂಪುಗೊಂಡ ಶಕ್ತಿ ಎಂಬ ಸಂಸ್ಕಾರಕವು ಅನುಸರಿಸುವ ರಿಸ್ಕ್-ಫೈವ್ ವಿನ್ಯಾಸಕ್ಕೂ ಹಳೆಯ ಭಾಷೆಗಳು ಹೀಗೆಯೇ ಬಂದು ಸೇರಿವೆ.

ಆದರೆ ಅನುವಾದವಾದ ಮಾತ್ರಕ್ಕೆ ಅರ್ಥ ಉಳಿದೀತೆಂಬ ಭರವಸೆಯಿಲ್ಲ. ಸಂಖ್ಯೆಗಳನ್ನು ಇರಿಸುವ ರೀತಿ ಯಂತ್ರದಿಂದ ಯಂತ್ರಕ್ಕೆ ಬೇರೆಯಾದುದರಿಂದ ಉತ್ತರವೂ ಬೇರೆಯಾಗಬಹುದು. ಆದಕಾರಣ, 1967ರಲ್ಲಿ ನೌಕಾದಳವು ಮತ್ತೆ ಕರೆಸಿಕೊಂಡಾಗ ಹಾಪರ್ ಅವರು ಕೋಬಾಲ್ ಕಂಪೈಲರುಗಳು ಒಪ್ಪಿದ ನಿಯಮದಂತೆ ನಡೆಯುತ್ತವೆಯೇ ಎಂದು ಒರೆಹಚ್ಚುವ ಪರೀಕ್ಷೆಗಳನ್ನು ಸಿದ್ಧಪಡಿಸುವ ಕಾರ್ಯದ ಮುಂದಾಳಾದರು. 1986ರಲ್ಲಿ, ತಮ್ಮ 79ನೆಯ ವಯಸ್ಸಿನಲ್ಲಿ ರಿಯರ್ ಅಡ್ಮಿರಲ್ ಪದವಿಯಿಂದ ನಿವೃತ್ತರಾಗಿ, 1992ರ ಜನವರಿ 1ರಂದು ಕಾಲವಶರಾದರು.

ಮಾರ್ಕ್ 1 ಇಂದು ನೋಡುವ ವಸ್ತುವಾಗಿದೆ; ಕೋಬಾಲ್ ಮಾತ್ರ ಅನೇಕ ಬ್ಯಾಂಕುಗಳ ಲೆಕ್ಕವನ್ನು ಈಗಲೂ ನಡೆಸುತ್ತಿದೆ. ಒಂದೇ ಯಂತ್ರಕ್ಕೆ ಕಟ್ಟುಬೀಳದ ಕೆಲಸ ಯಂತ್ರಗಳಿಗಿಂತ ಹೆಚ್ಚು ಬಾಳುತ್ತದೆ. ಗಣಕಕ್ಕೆ ಮಾತೃಭಾಷೆಯಿಲ್ಲವೆಂದು ಹಾಪರ್ ತೋರಿಸಿಕೊಟ್ಟ ಮೇಲೆ, ಜೋಯಿಡಾದ ಕಾಡಂಚಿನಿಂದ ಬರುವ ಸಹಪಾಠಿಗಳು ಇಂಗ್ಲಿಷಿಗೆ ಅಂಜಿ ಗಣಕದಿಂದ ದೂರ ಸರಿಯಬೇಕಾದ ಕಾರಣವೇ ಇಲ್ಲ. ಕನ್ನಡವನ್ನು ಅದಕ್ಕೆ ಕಲಿಸುವ ದುಭಾಷಿಗಳು ಕಲಾ ವಿಭಾಗದಿಂದಲೂ ಹೊರಡಲಿ ಎಂಬುದೇ ನನ್ನ ಆಶಯ.