ಕುಮಾರಿ ಆಲಿಸ್ ಬಾಲ್

ಕುಷ್ಠರೋಗವು ಪೂರ್ವದಲ್ಲಿ ಮನುಷ್ಯನ ದೇಹವನ್ನು ಮಾತ್ರವಲ್ಲದೆ ಅವನ ಮನೆಮಾರು, ನಂಟರಿಷ್ಟರು, ಹೆಸರು ಇವೆಲ್ಲವನ್ನೂ ಕಳೆಯುತ್ತಿದ್ದ ವ್ಯಾಧಿಯಾಗಿತ್ತು. ನಮ್ಮ ಕರ್ತನು ಇಂಥ ರೋಗಿಗಳನ್ನು ಮುಟ್ಟಿ ಸ್ವಸ್ಥಮಾಡಿದ ವೃತ್ತಾಂತವನ್ನು ನಮ್ಮ ಶಾಲೆಯ ಬಾಲಿಕೆಯರೆಲ್ಲರೂ ಬಲ್ಲರು. ಆ ರೋಗಿಗಳ ಉಪಶಮನಕ್ಕಾಗಿ ತಮ್ಮ ವಿದ್ಯೆಯನ್ನು ಧಾರೆಯೆರೆದ ರಸಾಯನಶಾಸ್ತ್ರಜ್ಞೆ ಕುಮಾರಿ ಆಲಿಸ್ ಬಾಲ್ ಅವರ ಚರಿತ್ರೆಯನ್ನು ನಮ್ಮ ಹಳೆಯ ವಿದ್ಯಾರ್ಥಿನಿಯರ ಮತ್ತು ಪೋಷಕರ ಮುಂದಿಡಲು ಅಪೇಕ್ಷಿಸುತ್ತೇವೆ.

ಇವರು 1892ನೆಯ ಇಸವಿ ಜುಲೈ 24ನೆಯ ತಾರೀಖು ಅಮೆರಿಕದ ಸಿಯಾಟಲ್ ನಗರದಲ್ಲಿ, ಕಪ್ಪು ಜನಾಂಗದ ಒಂದು ಸುಶಿಕ್ಷಿತ ಕುಟುಂಬದಲ್ಲಿ ಜನಿಸಿದರು. ತಂದೆ ವಕೀಲರು; ತಾತ ಹೆಸರಾಂತ ಛಾಯಾಗ್ರಾಹಕರು. ಆ ಕಾಲದಲ್ಲಿ ಅಲ್ಲಿ ವಿಜ್ಞಾನವನ್ನು ವ್ಯಾಸಂಗಮಾಡುವ ಸ್ತ್ರೀಯರೇ ವಿರಳ. ಕಪ್ಪು ಜನಾಂಗದ ಸ್ತ್ರೀಯರಂತೂ ಅತಿ ವಿರಳ. ಆದರೂ ಕುಮಾರಿ ಬಾಲರು ವಾಷಿಂಗ್ಟನ್ ವಿಶ್ವವಿದ್ಯಾನಿಲಯದಲ್ಲಿ 1912ರಲ್ಲಿ ಔಷಧ ರಸಾಯನಶಾಸ್ತ್ರದಲ್ಲಿಯೂ 1914ರಲ್ಲಿ ಔಷಧಶಾಸ್ತ್ರದಲ್ಲಿಯೂ ಪದವಿಗಳನ್ನು ಪಡೆದರು. ತರುವಾಯ ಹವಾಯಿ ದ್ವೀಪಗಳ ಕಾಲೇಜನ್ನು ಸೇರಿ, ಕಾವಾ ಎಂಬ ಬೇರಿನ ಗುಣಗಳನ್ನು ಪರಿಶೋಧಿಸಿ, 1915ರಲ್ಲಿ ಎಂ. ಎಸ್‌ಸಿ. ಪದವೀಧರೆಯಾದರು. ಆ ಪದವಿಯನ್ನು ಅಲ್ಲಿ ಪಡೆದ ಮೊದಲನೆಯ ಸ್ತ್ರೀಯೂ ಕಪ್ಪು ಜನಾಂಗದ ಮೊದಲನೆಯ ವ್ಯಕ್ತಿಯೂ ಇವರೇ. ಅನಂತರ ಅದೇ ಕಾಲೇಜಿನಲ್ಲಿ ರಸಾಯನಶಾಸ್ತ್ರದ ಉಪಾಧ್ಯಾಯಿನಿಯಾದರು.

ಹವಾಯಿಯಲ್ಲಿ ಆಗ ಕುಷ್ಠರೋಗಿಗಳನ್ನು ಕುಟುಂಬದಿಂದ ಅಗಲಿಸಿ, ಮೊಲೊಕಾಯಿ ದ್ವೀಪದ ಕಲೌಪಾಪ ಎಂಬ ಸ್ಥಳದಲ್ಲಿರಿಸುತ್ತಿದ್ದರು. ರೋಗಕ್ಕೆ ಇದ್ದ ಮದ್ದೆಂದರೆ ಚಾಲ್‌ಮೋಗ್ರಾ ಎಣ್ಣೆ. ಇದು ನಮ್ಮ ಭರತಖಂಡದ ವೈದ್ಯರಿಗೆ ಪುರಾತನಕಾಲದಿಂದಲೂ ತಿಳಿದಿತ್ತು. ಪಶ್ಚಿಮಘಟ್ಟಗಳಲ್ಲಿ ಬೆಳೆಯುವ ಗರುಡಫಲದ ಮರವು ಅದರ ಹತ್ತಿರದ ಜಾತಿಯದೇ. ಆದರೆ ಈ ಎಣ್ಣೆಯನ್ನು ಕುಡಿದರೆ ವಾಂತಿ. ಮೈಗೆ ಹಚ್ಚಿದರೆ ಅಲ್ಪ ಫಲ. ಸೂಜಿಯಿಂದ ಚುಚ್ಚಿದರೆ ಅದು ಮಂದವಾಗಿದ್ದುದರಿಂದ ಮೈಯಲ್ಲಿ ಹರಡದೆ ಚರ್ಮದಡಿ ಗಂಟುಕಟ್ಟಿ, ಹೇಳತೀರದ ನೋವನ್ನುಂಟುಮಾಡುತ್ತಿತ್ತು.

ಅಲ್ಲಿನ ವೈದ್ಯರಾದ ಡಾಕ್ಟರ್ ಹ್ಯಾರಿ ಹಾಲ್‌ಮನ್ನರು ಈ ತೊಡಕನ್ನು ಬಿಡಿಸಲು ಕುಮಾರಿ ಬಾಲರ ಸಹಾಯವನ್ನು ಬೇಡಿದರು. ಇವರು ಪಾಠ ಹೇಳುವ ಕೆಲಸದ ಜೊತೆಗೆ ಇದನ್ನೂ ಕೈಕೊಂಡು, ಎಣ್ಣೆಯಲ್ಲಿನ ಕೊಬ್ಬಿನ ಆಮ್ಲಗಳನ್ನು ಬೇರ್ಪಡಿಸಿ, ಅವನ್ನು ಮದ್ಯಸಾರದೊಡನೆ ಸಂಯೋಗಗೊಳಿಸಿ, ಈಥೈಲ್ ಎಸ್ಟರ್ ಎಂಬ ತೆಳುವಾದ ದ್ರವವನ್ನು ಸಿದ್ಧಪಡಿಸಿದರು. ಅದನ್ನು ಚುಚ್ಚಿದರೆ ಮೈ ಸಲೀಸಾಗಿ ಹೀರಿಕೊಳ್ಳುತ್ತಿತ್ತು. ಆಗ ಇವರಿಗೆ ಇಪ್ಪತ್ತಮೂರರ ಪ್ರಾಯ.

ಆದರೆ ತಮ್ಮ ಶೋಧನೆಯನ್ನು ಪ್ರಕಟಿಸುವ ಮೊದಲೇ ಇವರು ಅಸ್ವಸ್ಥರಾಗಿ ಊರಿಗೆ ಮರಳಿ, 1916ನೆಯ ಇಸವಿ ಡಿಸೆಂಬರ್ 31ರಂದು ಇಪ್ಪತ್ತನಾಲ್ಕನೆಯ ವಯಸ್ಸಿನಲ್ಲಿಯೇ ದೈವಾಧೀನರಾದರು. ಕಾಲೇಜಿನ ಅಧ್ಯಕ್ಷರಾಗಿದ್ದ ಆರ್ಥರ್ ಡೀನರು ಕೆಲಸವನ್ನು ಮುಂದುವರಿಸಿ, ಔಷಧವನ್ನು ಹೇರಳವಾಗಿ ತಯಾರಿಸಿದರು. ಆದರೆ ತಮ್ಮ ಲೇಖನಗಳಲ್ಲಿ ಇವರ ಹೆಸರನ್ನೆತ್ತಲಿಲ್ಲ. ಚಿಕಿತ್ಸೆಯು ಡೀನರ ಕ್ರಮವೆಂದೇ ಪ್ರಸಿದ್ಧವಾಯಿತು. ಹೊನೊಲುಲುವಿನ ಆಸ್ಪತ್ರೆಯಿಂದ 78 ಮಂದಿ ರೋಗಿಗಳು ಬಿಡುಗಡೆ ಹೊಂದಿ ತಮ್ಮವರನ್ನು ಕೂಡಿಕೊಂಡರು. ಯಾರಿಂದ ಈ ಉಪಕಾರವಾಯಿತೆಂಬುದನ್ನು ಆಗ ಲೋಕವರಿಯಲಿಲ್ಲ. 1922ರಲ್ಲಿ ಹಾಲ್‌ಮನ್ನರು ಮಾತ್ರ ತಮ್ಮ ಲೇಖನದಲ್ಲಿ ಇದನ್ನು ಬಾಲರ ಕ್ರಮವೆಂದು ಕರೆದು ಸತ್ಯವನ್ನು ತಿಳಿಸಿದರು.

ಈ ಔಷಧದಿಂದ ಎಲ್ಲರೂ ಪೂರ್ಣವಾಗಿ ಗುಣಹೊಂದಿದರೆಂದು ಹೇಳಲಾಗದು. ಕೆಲವರಲ್ಲಿ ರೋಗವು ಮರುಕಳಿಸಿತು. ಆದರೂ 1940ರ ದಶಕದಲ್ಲಿ ಸಲ್ಫೋನ್ ಔಷಧಗಳು ಬರುವವರೆಗೆ ರೋಗಿಗಳಿಗೆ ಇದೇ ಆಧಾರವಾಗಿತ್ತು. ಅನೇಕ ವರ್ಷಗಳ ಮೇಲೆ ಪಂಡಿತರು ಹಳೆಯ ದಾಖಲೆಗಳನ್ನು ಶೋಧಿಸಿ ಇವರ ಹೆಸರನ್ನು ಬೆಳಕಿಗೆ ತಂದರು. 2000ನೆಯ ಇಸವಿಯಲ್ಲಿ ಹವಾಯಿ ವಿಶ್ವವಿದ್ಯಾನಿಲಯವು ತನ್ನ ಆವರಣದ ಚಾಲ್‌ಮೋಗ್ರಾ ಮರದ ಬಳಿ ಇವರ ಸ್ಮರಣಾರ್ಥ ಫಲಕವನ್ನಿರಿಸಿತು.

ಸ್ವಸ್ಥರಾದ ಹತ್ತು ಮಂದಿ ಕುಷ್ಠರೋಗಿಗಳಲ್ಲಿ ಒಬ್ಬನೇ ಹಿಂದಿರುಗಿ ಬಂದು ಕೃತಜ್ಞತೆಯನ್ನು ಸಲ್ಲಿಸಿದನೆಂದು ಸುವಾರ್ತೆಯಲ್ಲಿ ಓದುತ್ತೇವೆ. ಉಪಕಾರಿಗಳ ಹೆಸರನ್ನು ಮರೆಯದೆ ಹೇಳುವುದು ಆ ಒಬ್ಬನ ಮಾರ್ಗ. ನಮ್ಮದೂ ಅದೇ ಆಗಿರಲಿ. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ಸೀಮೆಗಳಲ್ಲಿ ಮಗಳ ಓದನ್ನು ಎಲ್ಲಿಗೆ ನಿಲ್ಲಿಸೋಣವೆಂದು ಯೋಚಿಸುತ್ತಿರುವ ತಂದೆತಾಯಂದಿರಲ್ಲಿ ನಮ್ಮ ವಿಜ್ಞಾಪನೆಯೊಂದೇ: ಒಬ್ಬ ಹುಡುಗಿಯ ಕೆಲವೇ ವರ್ಷಗಳ ವಿದ್ಯೆಯು ಸಮುದ್ರದಾಚೆಯ ರೋಗಿಗಳನ್ನು ಮನೆಗೆ ಮುಟ್ಟಿಸಿತು. ಆಕೆಯ ಓದನ್ನು ನಡುವೆ ನಿಲ್ಲಿಸಿದ್ದರೆ ಆ ಬಾಗಿಲುಗಳು ಅಂದು ತೆರೆಯುತ್ತಿರಲಿಲ್ಲ.